ಎರಂಡವಣೆಯ ಶೆಡ್ಡಿನಲ್ಲಿ ಸಿಕ್ಕ ನಾಟಿಂಗ್‌ಹ್ಯಾಮ್ ಸೈಕಲ್

ಹಳೆಯ ಸೈಕಲ್ ಬೇಕು, ಆದರೆ ಗೋಡೆಗೆ ನೇತುಹಾಕಲಿಕ್ಕಲ್ಲ, ದಿನಾ ಓಡಿಸಲಿಕ್ಕೆ ಅನ್ನುವವರಿಗೆ ಪುಣೆಯಲ್ಲಿ ನಾನು ತೋರಿಸುವ ಜಾಗ ಒಂದೇ. ಕರ್ವೆ ರಸ್ತೆ ಬಿಟ್ಟು ಎರಂಡವಣೆಯ ಒಳಗೆ ಹೋದರೆ ಒಂದು ಹಳೆ ಬಂಗಲೆ. ಅದರ ಹಿತ್ತಲಲ್ಲಿ ತಗಡಿನ ಶೆಡ್ಡು. ಬೋರ್ಡ್ ಇಲ್ಲ, ಹೆಸರೂ ಇಟ್ಟಿಲ್ಲ. ಬರುವವರೆಲ್ಲ ಶೆಡ್ ಅಂತಲೇ ಕರೆಯುತ್ತಾರೆ. ಗಣೇಶನಗರದ ಕನ್ನಡ ಸಂಘಕ್ಕೆ ಹೋಗಿಬರುವ ನಮ್ಮ ಜನರಲ್ಲಿ ಕೆಲವರಿಗೆ ಇದು ಗೊತ್ತು. ಉಳಿದವರಿಗೂ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ಇದು ಅಂಗಡಿಯಲ್ಲ. ಮಾಲೀಕ ಇಲ್ಲ, ಸಂಬಳದ ಮೆಕ್ಯಾನಿಕ್ ಇಲ್ಲ. ಆಸಕ್ತಿ ಇರುವ ಕೆಲವರು ಸೇರಿ ಭಾನುವಾರ ಬೆಳಿಗ್ಗೆ, ವಾರದ ಮಧ್ಯೆ ಒಂದು ಸಂಜೆ ಬಾಗಿಲು ತೆಗೆಯುತ್ತಾರೆ. ಪಾನಾ, ಪಂಪು, ಗ್ರೀಸು, ಸ್ಟ್ಯಾಂಡು ಎಲ್ಲ ಇಟ್ಟಿದ್ದಾರೆ. ನಿಮ್ಮ ಸೈಕಲ್ಲನ್ನು ನೀವೇ ಬಿಚ್ಚಬೇಕು, ನೀವೇ ಜೋಡಿಸಬೇಕು. ಗೊತ್ತಿಲ್ಲದಿದ್ದರೆ ಪಕ್ಕದಲ್ಲಿ ನಿಂತು ತೋರಿಸಿಕೊಡುತ್ತಾರೆ. ‘ನೀವೇ ಮಾಡಿಕೊಡಿ’ ಅಂದರೆ ನಯವಾಗಿ ಇಲ್ಲ ಅನ್ನುತ್ತಾರೆ. ಬಾಗಿಲ ಹತ್ತಿರ ಒಂದು ಡಬ್ಬಿ ಇದೆ. ಸ್ಟ್ಯಾಂಡ್ ಉಪಯೋಗಿಸಿದ್ದಕ್ಕೆ ಕೈಲಾದಷ್ಟು ಹಾಕಿ ಹೋಗಬೇಕು. ದುಡ್ಡಿಲ್ಲದ ಹುಡುಗರು ಶೆಡ್ಡಿನ ಕೆಲಸ ಮಾಡಿಯೇ ಒಂದು ಸೈಕಲ್ ಗಳಿಸಿಕೊಳ್ಳಬಹುದು. ಈ ಒಂದು ಏರ್ಪಾಟಿಗಾಗಿಯೇ ನನಗೆ ಶೆಡ್ಡಿನ ಮೇಲೆ ಗೌರವ.

ಶುರು ಮಾಡಿದವರಲ್ಲಿ ಒಬ್ಬ ಷಿಕಾಗೊದಲ್ಲಿ ಓದುವಾಗ ಇಂಥದೇ ಜಾಗದಲ್ಲಿ ಬಿಡುವಿನ ಹೊತ್ತು ಕಳೆದವನು. ಅಲ್ಲಿ ಇವು ಊರೂರಿಗೂ ಇವೆ. ಲಾಸ್ ಏಂಜಲೀಸ್‌ನ ಬೈಸಿಕಲ್ ಕಿಚನ್ 2002ರಲ್ಲಿ ಒಂದು ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲೇ ಶುರುವಾಯಿತು. ಷಿಕಾಗೊದ ವರ್ಕಿಂಗ್ ಬೈಕ್ಸ್ ದಾನವಾಗಿ ಬಂದ ಸೈಕಲ್‌ಗಳನ್ನು ರಿಪೇರಿ ಮಾಡಿ ಊರಲ್ಲೂ ಕೊಡುತ್ತದೆ, ಹಡಗಿನಲ್ಲಿ ಆಫ್ರಿಕಾ, ಲ್ಯಾಟಿನ್ ಅಮೆರಿಕಗಳಿಗೂ ಕಳಿಸುತ್ತದೆ. ಅಲ್ಲಿನ ರಾಶಿಯಲ್ಲಿ ಹಳೆ ಸೈಕಲ್ ಅಷ್ಟೊಂದು ಇರುವುದಕ್ಕೆ ಕಾರಣ 1970ರ ದಶಕದ ಸೈಕಲ್ ಹುಚ್ಚು. 1973ರ ಒಂದೇ ವರ್ಷ ಅಮೆರಿಕದಲ್ಲಿ 1.5 ಕೋಟಿ ಸೈಕಲ್ ಮಾರಾಟವಾದವು. ಆಗ ಕೊಂಡ ಷ್ವಿನ್, ಪೂಜೊ, ರ‍್ಯಾಲಿಗಳೇ ಈಗ ಗ್ಯಾರೇಜುಗಳಿಂದ ಹೊರಗೆ ಬರುತ್ತಿರುವುದು.

ಪುಣೆಯಲ್ಲಿ ಹಳೆ ಸೈಕಲ್ ಬರುವ ದಾರಿ ಬೇರೆ. ಸದಾಶಿವ ಪೇಠ, ಶನಿವಾರ ಪೇಠದ ಹಳೆ ವಾಡೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ. ಮನೆ ಖಾಲಿ ಮಾಡುವಾಗ ಮೆಟ್ಟಿಲ ಕೆಳಗೆ, ಅಟ್ಟದ ಮೇಲೆ ಅಜ್ಜನ ಸೈಕಲ್ ಸಿಗುತ್ತದೆ. ಗುಜರಿಯವನು ತೂಕಕ್ಕೆ ಹಾಕಿಕೊಳ್ಳುತ್ತಾನೆ. ಅವನ ಗಾಡಿ ಹತ್ತುವ ಮೊದಲು ಶೆಡ್ಡಿನವರಿಗೆ ಫೋನ್ ಬಂದರೆ ಸೈಕಲ್ ಉಳಿಯಿತು, ಇಲ್ಲದಿದ್ದರೆ ಕುಲುಮೆಗೆ ಹೋಯಿತು.

ನಾನು ಭೋಸರಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೇನೆ. ಊರು ಗದಗ. ದಿನವಿಡೀ ವರ್ನಿಯರ್, ಗೇಜು ಹಿಡಿದು ಕೂರುವ ಕೆಲಸ. ಹಾಗಾಗಿ ಯಾವುದೇ ವಸ್ತು ಕೈಗೆ ಬಂದರೆ ಮೊದಲು ಅಳೆಯುವ ಅಭ್ಯಾಸ. ಈ ವಿಮರ್ಶೆಯಲ್ಲೂ ಅದು ಕಾಣಿಸುತ್ತದೆ, ಇರಲಿ.

ಶೆಡ್ಡಿನ ಒಳಗೆ ಕೊಕ್ಕೆಗೆ ಸಿಕ್ಕಿಸಿದ ಸೈಕಲ್‌ಗಳ ಸಾಲಿದೆ. ಬಣ್ಣ ಹೋಗಿರುತ್ತದೆ, ಹೆಸರಿನ ಸ್ಟಿಕ್ಕರ್ ಅಳಿಸಿರುತ್ತದೆ. ಆದರೂ ಚೈನ್‌ವೀಲ್ ನೋಡಿದರೆ ಯಾರ ಮನೆಯದು ಅಂತ ತಿಳಿಯುತ್ತದೆ. ಹಳೆ ಇಂಗ್ಲಿಷ್ ಕಂಪನಿಗಳು ಪೆಡಲ್ ಹತ್ತಿರದ ಆ ಹಲ್ಲಿನ ಚಕ್ರದ ಒಳಗೇ ತಮ್ಮ ಗುರುತು ಕೊರೆಯುತ್ತಿದ್ದವು. ಬಿಎಸ್‌ಎ ಸೈಕಲ್ಲಿಗೆ ಮೂರು ಅಕ್ಷರಗಳು. ರ‍್ಯಾಲಿಗೆ ಕೊಕ್ಕರೆಯ ತಲೆಗಳು. ರಡ್ಜ್‌ಗೆ ಅಂಗೈ. ಹಂಬರ್‌ಗೆ ಐದು ಜನ ಓಡುವ ಮನುಷ್ಯರು. ಚಕ್ರ ತಿರುಗಿದಾಗ ಅವರೂ ಓಡುತ್ತಾರೆ. ಬರೀ ಚೈನ್ ಎಳೆಯುವ ಭಾಗಕ್ಕೆ ಇಷ್ಟು ಅಕ್ಕರೆ ಯಾರಿಗೆ ಇತ್ತು ಆ ಕಾಲದಲ್ಲಿ, ಅಲ್ವಾ? ಹಂಬರ್, ರಡ್ಜ್ ಎರಡನ್ನೂ ಕ್ರಮೇಣ ರ‍್ಯಾಲಿಯೇ ಕೊಂಡುಕೊಂಡಿತು. ಆದರೂ ಆ ಗುರುತುಗಳು ಉಳಿದವು.

ನಮ್ಮ ದೇಶದ್ದೂ ಇವೆ. ನಾನು ಹೋದಾಗ ಮೂಲೆಯಲ್ಲಿ ಒಂದು ಹಿಂದ್ ಸೈಕಲ್ ನಿಂತಿತ್ತು. ಮುಂಬೈನ ವರ್ಲಿಯಲ್ಲಿ ತಯಾರಾಗುತ್ತಿದ್ದ ಸೈಕಲ್ ಅದು. ಇಂದು ವರ್ಲಿಯಲ್ಲಿ ಗಾಜಿನ ಕಟ್ಟಡ ನೋಡುವವರಿಗೆ ಅಲ್ಲಿ ಸೈಕಲ್ ಕಾರ್ಖಾನೆ ಇತ್ತು ಅಂದರೆ ನಂಬಿಕೆ ಬರುವುದು ಕಷ್ಟ. ಅದರ ಪಕ್ಕ ಒಂದು ಸೆನ್-ರ‍್ಯಾಲಿ, ಬಂಗಾಳದ ಆಸನ್ಸೋಲ್‌ನಲ್ಲಿ ಆಗಿದ್ದು. ಎರಡೂ ಕಂಪನಿಗಳು ನಷ್ಟಕ್ಕೆ ಬಿದ್ದವು, 1980ರಲ್ಲಿ ಸಂಸತ್ತು ಒಂದೇ ಕಾಯ್ದೆ ತಂದು ಎರಡನ್ನೂ ರಾಷ್ಟ್ರೀಕರಣ ಮಾಡಿತು. ಅವು ಉಳಿಯಲಿಲ್ಲ. ಒಂದೇ ಕಾಯ್ದೆಯಲ್ಲಿ ಹೆಸರಿದ್ದ ಎರಡು ಕಂಪನಿಗಳ ಸೈಕಲ್‌ಗಳು ಇಲ್ಲಿ ಹ್ಯಾಂಡಲ್‌ಗೆ ಹ್ಯಾಂಡಲ್ ತಾಗಿಸಿ ನಿಂತಿದ್ದವು.

ನಾನು ಆರಿಸಿಕೊಂಡಿದ್ದು ಲೇಡೀಸ್ ರ‍್ಯಾಲಿ. ನಾಟಿಂಗ್‌ಹ್ಯಾಮ್‌ನಲ್ಲಿ ಆಗಿದ್ದು. ಬಾಗಿದ ಕೆಳಪೈಪಿನ ಫ್ರೇಮು, 28 ಇಂಚಿನ ಗಾಲಿ, ಕಡ್ಡಿ ಬ್ರೇಕು (ಕೇಬಲ್ ಬದಲು ಲೋಹದ ಕಡ್ಡಿ ಎಳೆಯುವ ಬ್ರೇಕು), ಹಿಂದಿನ ಹಬ್ಬಿನೊಳಗೆ, ಅಂದರೆ ಗಾಲಿಯ ನಡುವಿನ ಡಬ್ಬಿಯೊಳಗೆ, ಮೂರು ಗೇರು. ಬಣ್ಣ ಕಪ್ಪು, ಮಡ್ಗಾರ್ಡಿನ ಅಂಚಿಗೆ ಬಂಗಾರದ ಗೆರೆ ಅಲ್ಲಲ್ಲಿ ಇನ್ನೂ ಉಳಿದಿತ್ತು. ಬೆಲೆ ಇದ್ದ ಸ್ಥಿತಿಯಲ್ಲಿ 3,800 ರೂಪಾಯಿ. ಆನ್‌ಲೈನ್‌ನಲ್ಲಿ ಆಂಟಿಕ್ ಅಂತ ಹೆಸರಿಟ್ಟು ಇದರ ನಾಲ್ಕೈದು ಪಟ್ಟು ಕೇಳುತ್ತಾರೆ, ಅದೂ ಟೈರ್ ಇಲ್ಲದ, ಬ್ರೇಕ್ ಇಲ್ಲದ ಸೈಕಲ್ಲಿಗೆ.

ದುಡ್ಡು ಕೊಡುವ ಮೊದಲು ಪರೀಕ್ಷೆ ಮಾಡಲು ಶೆಡ್ಡಿನವರು ಎಷ್ಟು ಹೊತ್ತು ಬೇಕಾದರೂ ಬಿಡುತ್ತಾರೆ. ಇದು ದೊಡ್ಡ ವಿಷಯ. ಯಾರೇ ಆಗಲಿ ಹಳೆ ಸೈಕಲ್ ಕೊಳ್ಳುವಾಗ ಬಣ್ಣ, ತುಕ್ಕು ನೋಡಿ ಮೆಚ್ಚಬೇಡಿ, ಹೆದರಲೂಬೇಡಿ. ಫ್ರೇಮ್ ನೆಟ್ಟಗಿದೆಯಾ ನೋಡಿ. ಹ್ಯಾಂಡಲ್ ಕೆಳಗೆ, ಮುಂದಿನ ಪೈಪಿಗೆ ಕೆಳಪೈಪು ಸೇರುವ ಜಾಗದ ಅಡಿಯಲ್ಲಿ ಬೆರಳಾಡಿಸಿ. ಎಲ್ಲೋ ಗುದ್ದಿದ ಸೈಕಲ್ಲಾದರೆ ಅಲ್ಲಿ ಸಣ್ಣ ಉಬ್ಬು ಅಥವಾ ಸುಕ್ಕು ಸಿಗುತ್ತದೆ, ಬಣ್ಣ ಅಡ್ಡಡ್ಡ ಬಿರುಕು ಬಿಟ್ಟಿರುತ್ತದೆ. ಆಮೇಲೆ ಒಂದು ದಾರ ತೆಗೆದುಕೊಳ್ಳಿ. ಹಿಂದಿನ ಗಾಲಿ ಕೂರುವ ಒಂದು ಕಡೆಯ ತುದಿಗೆ ಕಟ್ಟಿ, ಹ್ಯಾಂಡಲ್ ಪೈಪನ್ನು ಸುತ್ತಿ ತಂದು, ಇನ್ನೊಂದು ಕಡೆಯ ತುದಿಗೆ ಬಿಗಿಯಾಗಿ ಕಟ್ಟಿ. ಸೀಟಿನ ಪೈಪಿನಿಂದ ಎರಡೂ ಬದಿಯ ದಾರಕ್ಕೆ ಎಷ್ಟು ಅಂತರ ಅಂತ ಅಳೆಯಿರಿ. ಎರಡೂ ಸಮ ಇದ್ದರೆ ಹಿಂಭಾಗ ನೆಟ್ಟಗಿದೆ. ನನ್ನ ಸೈಕಲ್ಲಿನಲ್ಲಿ ವ್ಯತ್ಯಾಸ ಒಂದು ಮಿಲಿಮೀಟರಿಗಿಂತ ಕಡಿಮೆ ಬಂತು. ಅರವತ್ತು ವರ್ಷಕ್ಕೂ ಹಿಂದೆ ಬೆಸೆದ ಫ್ರೇಮಿಗೆ ಇದು ಬಹಳ ಒಳ್ಳೆಯ ಅಳತೆ. ನಮ್ಮ ಲೈನಿನಲ್ಲಿ ಬಂದಿದ್ದರೂ ಪಾಸ್ ಮಾಡುತ್ತಿದ್ದೆ.

ವಯಸ್ಸು ಹೇಗೆ ಗೊತ್ತಾಯಿತು ಅಂದರೆ, ಹಬ್ಬಿನ ಮೇಲೆಯೇ ಬರೆದಿರುತ್ತದೆ. ಸ್ಟರ್ಮೆ-ಆರ್ಚರ್ ಕಂಪನಿ ತನ್ನ ಹಬ್ಬುಗಳ ಮೇಲೆ ವರ್ಷದ ಕೊನೆಯ ಎರಡು ಅಂಕಿ ಒತ್ತುತ್ತಿತ್ತು. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಜಿಡ್ಡು ತೆಗೆದಾಗ ಮೊದಲು ‘ಎಡಬ್ಲ್ಯೂ’ ಅನ್ನುವ ಮಾದರಿಯ ಹೆಸರು ಕಂಡಿತು, ಅದರ ಹತ್ತಿರ 56. ಹಬ್ಬು 1956ರದು. ಗಾಲಿ ಬದಲಾಯಿಸಿರುವ ಸಾಧ್ಯತೆ ಇರುವುದರಿಂದ ಹಬ್ಬಿನ ವರ್ಷ ಫ್ರೇಮಿನ ವರ್ಷವೇ ಆಗಬೇಕೆಂದಿಲ್ಲ. ಆದರೆ ಇದರ ಹಿಂದಿನ ಗಾಲಿಗೆ 40 ಕಡ್ಡಿ, ಮುಂದಿನದಕ್ಕೆ 32. ಹಳೆ ಇಂಗ್ಲಿಷ್ ಪದ್ಧತಿ. ಗಾಲಿ ಮೂಲದ್ದೇ ಅಂತ ನನ್ನ ನಂಬಿಕೆ.

ಶೆಡ್ಡಿನಲ್ಲಿ ನಡೆಯುವ ಭಾಷೆ ಮರಾಠಿ. ನಡುನಡುವೆ ಕನ್ನಡವೂ ಕೇಳಿಸುತ್ತದೆ, ಅದಕ್ಕೆ ಕಾರಣ ಒಬ್ಬ ಕಾಕಾ. ನಿಪ್ಪಾಣಿ ಕಡೆಯವರು, ಖಡ್ಕಿಯ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಅವರ ಕಾಲದಲ್ಲಿ ಶಿಫ್ಟ್ ಬಿಟ್ಟಾಗ ಖಡ್ಕಿಯ ರಸ್ತೆಯಲ್ಲಿ ಸೈಕಲ್ ಬಿಟ್ಟು ಬೇರೆ ಏನೂ ಕಾಣುತ್ತಿರಲಿಲ್ಲವಂತೆ. ಪುಣೆಗೆ ಸೈಕಲ್ಲಿನ ಊರು ಅನ್ನುವ ಹೆಸರು ಬಂದಿದ್ದು ಇಂಥವರಿಂದ. ನನ್ನ ಮಾತು ಕೇಳಿ ಮೊದಲ ಪ್ರಶ್ನೆ ‘ಯಾವೂರವಾ ತಂಗಿ?’ ಎರಡನೆಯ ಪ್ರಶ್ನೆ ‘ಕಾಟರ್ ತೆಗದೀಯೇನು ಎಂದರ?’

ಕಾಟರ್ ಪಿನ್ ಅಂದರೆ ಪೆಡಲಿನ ಕೈಯನ್ನು ಆಕ್ಸಲ್ಲಿಗೆ ಕೂರಿಸುವ ಗೂಟ. ಒಂದು ಬದಿ ಓರೆಯಾಗಿ ಚಪ್ಪಟೆ ಇರುತ್ತದೆ, ಇನ್ನೊಂದು ತುದಿಗೆ ನಟ್ಟು. ಹಳೆ ಸೈಕಲ್ಲಿನ ಕೆಳಭಾಗ ಬಿಚ್ಚಬೇಕಾದರೆ ಮೊದಲು ಇದನ್ನು ಹೊರಗೆ ತರಬೇಕು. ಅಮೆರಿಕದ ಶೆಡ್ಡುಗಳಲ್ಲಿ ಹಳೆ ರ‍್ಯಾಲಿ ಬಂದರೆ ಜನ ಹಿಂಜರಿಯುವುದು ಇದಕ್ಕೇ. ಅಲ್ಲಿ ಸರಿಯಾದ ಪಿನ್ ಹುಡುಕಿ ತರಿಸಬೇಕು. ನಮ್ಮಲ್ಲಿ ಹಾಲಿನವರ ಸೈಕಲ್ಲಿಗೂ ಇದೇ ಪಿನ್ನು. ಪೇಠೆಯ ಯಾವ ಹಳೆ ಸೈಕಲ್ ಅಂಗಡಿಗೆ ಹೋದರೂ ಡಬ್ಬಿಯಿಂದ ಒಂದು ಹಿಡಿ ತೆಗೆದು ಮುಂದೆ ಹರಡುತ್ತಾರೆ.

ಜನ ಇದಕ್ಕೆ ಸುತ್ತಿಗೆಯಲ್ಲಿ ಹೊಡೆಯುತ್ತಾರೆ. ಹೊಡೆದರೆ ತುದಿ ಅಣಬೆಯ ಹಾಗೆ ಅರಳಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಒಳಗಿನ ಗುಂಡುಗಳ ಏಟಿಗೆ, ಅವು ಓಡುವ ಬಟ್ಟಲಿನಲ್ಲಿ, ಅಂದರೆ ಕಪ್‌ನಲ್ಲಿ, ಗುಳಿ ಬೀಳುತ್ತದೆ. ಕಾಕಾ ಸುತ್ತಿಗೆ ಮುಟ್ಟಲು ಬಿಡಲಿಲ್ಲ. ‘ಹೊಡಿಯೂದಲ್ಲ ತಂಗಿ, ಒತ್ತೂದು’ ಅಂದರು. ದಪ್ಪ ಸಿ-ಕ್ಲ್ಯಾಂಪಿನ ಒಂದು ಬದಿಗೆ ಪೈಪಿನ ತುಂಡು ಬೆಸೆದು ಅವರೇ ಮಾಡಿದ ಒತ್ತು ಯಂತ್ರ ಇದೆ. ನಟ್ಟನ್ನು ಸಡಿಲಿಸಿ ತುದಿಯ ಸಮಕ್ಕೆ ಬಿಟ್ಟೆ. ಎಣ್ಣೆ ಹಾಕಿ ಒಂದು ವಾರ ಬಿಟ್ಟಿದ್ದೆವು. ಪೈಪಿನ ಬಾಯಿಯನ್ನು ಪಿನ್ನಿನ ತಲೆಯ ಕಡೆ ಇಟ್ಟು ಸ್ಕ್ರೂ ತಿರುಗಿಸಿದೆ. ಬಿಗಿ, ಇನ್ನೂ ಬಿಗಿ. ಕೈ ನಡುಗುವಷ್ಟು ಬಿಗಿಯಾಯಿತು. ಆಮೇಲೆ ಗುಂಡು ಹಾರಿದಂಥ ಶಬ್ದ. ಪಿನ್ನು ಹೊರಗೆ. ಕಾಕಾ ಅದನ್ನು ಎತ್ತಿ ಬೆಳಕಿಗೆ ಹಿಡಿದು, ಚಪ್ಪಟೆ ಬದಿಯಲ್ಲಿ ಆಕ್ಸಲ್ ಒತ್ತಿದ ಗುರುತು ತೋರಿಸಿದರು. ಹೊಸ ಪಿನ್ನಿಗೆ ಅರದಿಂದ ಅದೇ ಓರೆ ಬರುವಂತೆ ಉಜ್ಜಿ ಕೂರಿಸಬೇಕು. ಎಡದ್ದು ಬಲದ್ದು ಒಂದಕ್ಕೊಂದು ಉಲ್ಟಾ ಬರಬೇಕು, ಇಲ್ಲದಿದ್ದರೆ ಎರಡು ಪೆಡಲ್ ನೇರ ರೇಖೆಯಲ್ಲಿ ನಿಲ್ಲುವುದಿಲ್ಲ.

ಒಳಗೆ ಎಡಗಡೆಯ ಬಿಬಿ ಕಪ್ (ಪೆಡಲ್ ಆಕ್ಸಲ್ ತಿರುಗುವ ಜಾಗದ ಬಟ್ಟಲು) ಹಾಳಾಗಿತ್ತು. ಗುಂಡು ಓಡುವ ದಾರಿಯಲ್ಲಿ ಚುಕ್ಕಿಚುಕ್ಕಿ ಸವೆತ. ಹೊಸದು ತರುವ ಮೊದಲು, ಇಂಚಿಗೆ ಎಷ್ಟು ಮರೆ (ಸ್ಕ್ರೂವಿನ ಸುತ್ತು) ಅಂತ ಅಳೆಯುವ ಪಿಚ್ ಗೇಜ್ ಹಿಡಿದೆ. 24ರ ಪಟ್ಟಿ ಇಟ್ಟು ಟಾರ್ಚ್ ಹಿಡಿದರೆ ಹಲ್ಲುಗಳ ನಡುವೆ ಬೆಳಕು ತೂರಿತು. 26ರದು ಇಟ್ಟೆ. ಒಂದೂ ಕಿಂಡಿ ಇಲ್ಲದೆ ಕೂತಿತು. ಬೇರೆ ಬಹುತೇಕ ಇಂಗ್ಲಿಷ್ ಸೈಕಲ್‌ಗಳಿಗೆ ಇಂಚಿಗೆ 24 ಮರೆ. ನಾಟಿಂಗ್‌ಹ್ಯಾಮ್‌ನ ರ‍್ಯಾಲಿ ಮಾತ್ರ ತನ್ನದೇ 26 ಇಟ್ಟುಕೊಂಡಿತ್ತು. ಅಂಗಡಿಯ 24ರ ಕಪ್ ಒಂದು ಸುತ್ತು ಹತ್ತುತ್ತದೆ, ಆಮೇಲೆ ಬಲ ಹಾಕಿದರೆ ಫ್ರೇಮಿನ ಮರೆಯನ್ನೇ ತಿಂದುಹಾಕುತ್ತದೆ. ಎಷ್ಟೋ ಒಳ್ಳೆಯ ರ‍್ಯಾಲಿ ಫ್ರೇಮುಗಳು ಹೀಗೇ ಹಾಳಾಗಿವೆ.

ಶೆಡ್ಡಿನ ನಿಜವಾದ ಬೆಲೆ ತಿಳಿಯುವುದು ಇಲ್ಲಿ. ಗೋಡೆಯ ಹತ್ತಿರ ಹಳೆ ಎಣ್ಣೆ ಡಬ್ಬಗಳ ಸಾಲಿದೆ. ಸತ್ತ ಸೈಕಲ್‌ಗಳಿಂದ ಬಿಚ್ಚಿದ ಕಪ್, ಕೋನ್, ನಟ್ಟು, ಬ್ರೇಕ್ ಕಡ್ಡಿ ಎಲ್ಲ ಅದರಲ್ಲಿ. ಗೇಜ್ ಹಿಡಿದು ಒಂದೊಂದೇ ತೆಗೆದು ನೋಡುತ್ತ ಹೋದೆ. ಡಬ್ಬದ ತಳದಲ್ಲಿ 26ರ ಕಪ್ ಒಂದು ಸಿಕ್ಕಿತು, ಒಳಗೆ ಕನ್ನಡಿಯಂಥ ನುಣುಪು. ಬೆಲೆ 50 ರೂಪಾಯಿ. ಕಾಲು ಇಂಚಿನ ಹೊಸ ಗುಂಡು ಆಚೆ 11, ಈಚೆ 11, ತುಂಬ ಗ್ರೀಸು. ಪೆಡಲ್ ಕೈಯನ್ನು ಬೆರಳಿಂದ ತಳ್ಳಿದರೆ ಸದ್ದಿಲ್ಲದೆ ಸುತ್ತಿ, ನಿಲ್ಲುವ ಮೊದಲು ಒಮ್ಮೆ ಹಿಂದಕ್ಕೆ ಬರುತ್ತದೆ. ಯಾವ ಅಂಗಡಿಯವನೂ ಒಂದು ಕಪ್ಪಿಗಾಗಿ ಇಷ್ಟು ಹೊತ್ತು ಡಬ್ಬ ತಡಕಾಡಲು ಗಿರಾಕಿಯನ್ನು ಬಿಡುವುದಿಲ್ಲ.

ಆ ಡಬ್ಬಗಳಿಗೆ ಚೀಟಿ ಅಂಟಿಸಬೇಕು ಅಂತ ಹೇಳಿದ್ದೇನೆ. 24ರದು ಒಂದು ಡಬ್ಬ, 26ರದು ಒಂದು ಡಬ್ಬ. ಯಾರೂ ಮಾಡದಿದ್ದರೆ ನಾನೇ ಕೂತು ಬೇರೆ ಮಾಡಿಕೊಡುತ್ತೇನೆ. ಇನ್ನೊಂದು ಕೊರತೆ, ಹಳೆ ಇಂಗ್ಲಿಷ್ ನಟ್ಟುಗಳಿಗೆ ವಿಟ್‌ವರ್ತ್ ಅಳತೆಯ ಪಾನಾ ಬೇಕು. ಶೆಡ್ಡಿನಲ್ಲಿ ಒಂದೇ ಸೆಟ್ ಇದೆ, ಅದೂ ಯಾವಾಗಲೂ ಯಾರದೋ ಕೈಯಲ್ಲಿ. ಮಿಲಿಮೀಟರ್ ಪಾನಾ ಹಾಕಿ ಮೂಲೆ ಉರುಟು ಮಾಡಿದ ನಟ್ಟುಗಳು ಎಲ್ಲ ಸೈಕಲ್ಲಿನಲ್ಲೂ ಕಾಣುತ್ತವೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಈಗ ಓಡಿಸುವ ವಿಷಯ. ಈ ಹಬ್ಬಿನ ವಿನ್ಯಾಸ ಬಂದಿದ್ದು 1936ರಲ್ಲಿ. ಮಧ್ಯದ ಗೇರು ನೇರ. ಕೆಳಗಿನದು ಅದಕ್ಕಿಂತ ಶೇಕಡಾ 25 ಹಗುರ, ಮೇಲಿನದು ಶೇಕಡಾ 33 ಬಿಗಿ. ಎಲ್ಲ ಹಲ್ಲುಗಳೂ ಡಬ್ಬಿಯೊಳಗೆ ಮುಚ್ಚಿಕೊಂಡು ಎಣ್ಣೆಯಲ್ಲಿ ಇರುತ್ತವೆ. ಪುಣೆಯ ಧೂಳಿಗೂ ಕೆಸರಿಗೂ ಸಿಗುವುದಿಲ್ಲ. ಹಬ್ಬಿನ ಮೇಲೆ ಒಂದು ಸಣ್ಣ ಮುಚ್ಚಳ ಇದೆ, ಅದನ್ನು ಎತ್ತಿ ಆಗಾಗ ನಾಲ್ಕು ಹನಿ ತೆಳು ಎಂಜಿನ್ ಆಯಿಲ್ ಬಿಟ್ಟರೆ ಸಾಕು. ಗ್ರೀಸ್ ತುರುಕಬೇಡಿ. ನನ್ನ ಹಬ್ಬಿನಲ್ಲಿ ಹಳೆ ಎಣ್ಣೆ ಅಂಟಾಗಿ ಗೇರು ಬೀಳುತ್ತಿರಲಿಲ್ಲ. ಹೊಸ ಎಣ್ಣೆ ಬಿಟ್ಟು ಗಾಲಿ ತಿರುಗಿಸುತ್ತ ಇದ್ದ ಹಾಗೆ ಒಂದೊಂದೇ ಗೇರು ಎಚ್ಚರವಾಯಿತು. ಒಳಗಿನ ಒಂದು ಭಾಗವನ್ನೂ ಬದಲಾಯಿಸಲಿಲ್ಲ. ನಾಟಿಂಗ್‌ಹ್ಯಾಮ್‌ನ ಸ್ಟರ್ಮೆ-ಆರ್ಚರ್ ಕಾರ್ಖಾನೆ 2000ರಲ್ಲಿ ಮುಚ್ಚಿತು, ಹೆಸರನ್ನೂ ಯಂತ್ರಗಳನ್ನೂ ತೈವಾನ್‌ನ ಸನ್‌ರೇಸ್ ಕಂಪನಿ ಕೊಂಡಿತು. ಮೂರು ಗೇರಿನ ಹಬ್ಬು ಈಗಲೂ ಆ ಹೆಸರಿನಲ್ಲಿ ತಯಾರಾಗುತ್ತದೆ.

ಒಂದು ಎಚ್ಚರಿಕೆ, ಇದನ್ನು ಮರೆಯಬೇಡಿ. ಹಳೆ ಎಡಬ್ಲ್ಯೂ ಹಬ್ಬಿನಲ್ಲಿ ಎರಡನೇ ಗೇರು ಮತ್ತು ಮೂರನೇ ಗೇರಿನ ನಡುವೆ ಏನೂ ಇಲ್ಲದ ಒಂದು ಜಾಗ ಇದೆ. ಕೇಬಲ್ ಸ್ವಲ್ಪ ತಪ್ಪಿದರೂ ಹಬ್ಬು ಅಲ್ಲಿ ಹೋಗಿ ನಿಲ್ಲುತ್ತದೆ. ಪೆಡಲ್ ಗಾಳಿಯಲ್ಲಿ ತಿರುಗುತ್ತದೆ. ಎದ್ದು ನಿಂತು ತುಳಿಯುತ್ತಿದ್ದರೆ ನೇರ ಮುಂದಕ್ಕೆ ಬೀಳುತ್ತೀರಿ. ಹಾಗಾಗಿ ಕೇಬಲ್ ಹೊಂದಿಸುವುದನ್ನು ಮೊದಲ ದಿನವೇ ಕಲಿಯಿರಿ. ಗೇರನ್ನು ಎರಡರಲ್ಲಿ ಇಡಿ. ಬಲಗಡೆ ಆಕ್ಸಲ್ ನಟ್ಟಿಗೆ ಒಂದು ಕಿಂಡಿ ಇರುತ್ತದೆ. ಅದರೊಳಗೆ ನೋಡಿದರೆ ಸಣ್ಣ ಸರಪಳಿ ಸೇರಿಕೊಂಡ ಸಲಾಕೆ ಕಾಣುತ್ತದೆ. ಆ ಸಲಾಕೆಯ ಭುಜ ಆಕ್ಸಲ್ಲಿನ ತುದಿಗೆ ಸರಿಸಮ ನಿಲ್ಲಬೇಕು. ಹೆಚ್ಚೂ ಬೇಡ, ಕಡಿಮೆಯೂ ಬೇಡ. ಕಾಕಾ ಇದನ್ನು ಹೊಸಬರಿಗೆಲ್ಲ ತೋರಿಸಿ, ಅವರ ಕೈಯಲ್ಲೇ ಮಾಡಿಸಿ, ಆಮೇಲೆ ಗೇಟಿನಿಂದ ಹೊರಗೆ ಬಿಡುತ್ತಾರೆ.

ಪುಣೆಗೆ ಇದರ ಮೂಲ ಗೇರು ಸ್ವಲ್ಪ ಭಾರ. ಮುಂದೆ 46 ಹಲ್ಲು, ಹಿಂದೆ 18. ಇಂಗ್ಲೆಂಡಿನಲ್ಲೂ ಇದನ್ನು ಭಾರ ಅಂತಲೇ ಹೇಳುತ್ತಿದ್ದರು. ಡೆಕ್ಕನ್ ಕಡೆ, ಕರ್ವೆ ರಸ್ತೆ ಕಡೆ ತೊಂದರೆ ಇಲ್ಲ. ಸೇನಾಪತಿ ಬಾಪಟ್ ರಸ್ತೆಯ ಏರಿನಲ್ಲಿ ಮೊದಲ ಗೇರಿನಲ್ಲೂ ಮೊಣಕಾಲು ಬೇಡ ಅನ್ನುತ್ತದೆ. ಹಿಂದಿನ ಹಲ್ಲಿನ ಚಕ್ರ ತೆಗೆದು 22ರದು ಹಾಕಿ, ಚೈನಿಗೆ ಕೊಂಡಿ ಸೇರಿಸಿದೆ. ಈಗ ಮೂರನೇ ಗೇರು ಅಂದರೆ ಮೊದಲಿನ ಎರಡನೆಯದಕ್ಕಿಂತ ಸ್ವಲ್ಪ ಮಾತ್ರ ಜಾಸ್ತಿ. ಸಪಾಟು ರಸ್ತೆಗೆ ಅದೇ ಸಾಕು. ಒಂದನೇ ಗೇರಿನಲ್ಲಿ ಏರು ಹತ್ತುವಾಗ ಕೂತೇ ಹತ್ತಬಹುದು, ಎದ್ದು ನಿಲ್ಲುವ ಕೆಲಸವೇ ಇಲ್ಲ. ಚಾಂದನಿ ಚೌಕದ ಏರಿಗೆ ಮಾತ್ರ ಇಳಿದು ತಳ್ಳುತ್ತೇನೆ. ಸೈಕಲ್ ಹತ್ತಿರ ಹತ್ತಿರ 20 ಕಿಲೋ ತೂಗುತ್ತದೆ. ಲಿಫ್ಟ್ ಇಲ್ಲದ ಮನೆಯವರು ಇದನ್ನು ಯೋಚಿಸಿ.

ಆದರೆ ಸಪಾಟು ರಸ್ತೆಯಲ್ಲಿ ಇದು ಓಡುವ ರೀತಿ! ಮುಂದಿನ ಫೋರ್ಕು ಬಹಳ ಮುಂದಕ್ಕೆ ಬಾಗಿದೆ, ದೊಡ್ಡ ಗಾಲಿ. ಕಾಂಕ್ರೀಟ್ ರಸ್ತೆಯ ಸಂದುಗಳು, ಅಗೆದು ಮುಚ್ಚಿದ ಗುಂಡಿಗಳು ಕೈಗೆ ತಾಗುವುದೇ ಇಲ್ಲ. ನೆಟ್ಟಗೆ ಕೂತು ಎದುರು ನೋಡುತ್ತ ಹೋಗಬಹುದು. ಸಲ್ವಾರ್ ಹಾಕಿಕೊಂಡು, ಹ್ಯಾಂಡಲಿಗೆ ಸೊಪ್ಪಿನ ಚೀಲ ನೇತುಹಾಕಿಕೊಂಡು ಮಾರ್ಕೆಟಿನಿಂದ ಬರಬಹುದು. ನನ್ನ ಹತ್ತಿರ ಮೊದಲು ಒಂದು ಅಲ್ಯೂಮಿನಿಯಂ ಗೇರ್ ಸೈಕಲ್ ಇತ್ತು, ಅದು ಇದಕ್ಕಿಂತ ವೇಗ. ಆದರೂ ಅದನ್ನು ತಮ್ಮನಿಗೆ ಕೊಟ್ಟುಬಿಟ್ಟೆ.

ಬ್ರೇಕಿನ ಬಗ್ಗೆ ನೇರ ಹೇಳಬೇಕು. ಒಣ ರಸ್ತೆಯಲ್ಲಿ ಸಾಧಾರಣ. ಮಳೆಯಲ್ಲಿ ಕೆಟ್ಟದ್ದು. ಕಡ್ಡಿ ಬ್ರೇಕಿನ ರಬ್ಬರ್ ರಿಮ್ಮಿನ ಒಳಮೈಗೆ ಒತ್ತುತ್ತದೆ. ರಿಮ್ಮು ಕ್ರೋಮ್ ಲೇಪಿಸಿದ ಉಕ್ಕು. ಒದ್ದೆಯಾದರೆ ರಬ್ಬರ್ ಜಾರುತ್ತದೆ, ಒತ್ತಿ ಹಿಡಿದರೂ ಸೈಕಲ್ ಮುಂದೆ ಹೋಗುತ್ತಲೇ ಇರುತ್ತದೆ. ಹೊಸ ರಬ್ಬರ್ ಹಾಕಿದರೂ, ಕಡ್ಡಿಗಳ ಕೀಲುಗಳನ್ನೆಲ್ಲ ಬಿಗಿ ಮಾಡಿದರೂ ಇದು ಪೂರ್ತಿ ಸರಿ ಹೋಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಳಿಜಾರಿನ ರಸ್ತೆ ಬಿಟ್ಟು ಹೋಗುತ್ತೇನೆ. ಜೋರು ಮಳೆ ಇದ್ದರೆ ಸೈಕಲ್ ತೆಗೆಯುವುದೇ ಇಲ್ಲ. ಇದನ್ನು ಒಪ್ಪಿಕೊಳ್ಳಲು ಆಗದವರು ಈ ಮಾದರಿಯನ್ನು ಕೊಳ್ಳಬೇಡಿ.

ಟೈರಿನ ಚಿಂತೆ ಬೇಡ. 28 ಇಂಚಿಗೆ ಒಂದೂವರೆ, ನಮ್ಮ ಕಪ್ಪು ರೋಡ್‌ಸ್ಟರ್‌ಗಳಿಗೆ ಹಾಕುವ ಅದೇ ಟೈರು. ಎಲ್ಲೆಡೆ ಸಿಗುತ್ತದೆ. ಬ್ರೇಕ್ ರಬ್ಬರು, ಕಡ್ಡಿ, ಡೈನಮೊ ಕೂಡ ಹಾಗೆಯೇ. ವಿದೇಶದಲ್ಲಿ ವಿಂಟೇಜ್ ಅಂತ ಹುಡುಕಿ ತರಿಸುವ ಸಾಮಾನು ನಮ್ಮ ಊರುಗಳಲ್ಲಿ ಇವತ್ತಿಗೂ ಬಳಕೆಯ ಸಾಮಾನು. ನನ್ನ ಪ್ರಕಾರ ಹಳೆ ಇಂಗ್ಲಿಷ್ ರೋಡ್‌ಸ್ಟರನ್ನು ದಿನಾ ಓಡಿಸಲು ಭಾರತದಷ್ಟು ಅನುಕೂಲದ ದೇಶ ಇನ್ನೊಂದಿಲ್ಲ. ಆದರೆ ಈ ಅನುಕೂಲ ಎಷ್ಟು ದಿನ ಇರುತ್ತದೋ. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ನಿಂತಿದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ. ಪೇಠೆಯ ಹಳೆ ಅಂಗಡಿಯವರ ಮಕ್ಕಳು ಮೊಬೈಲ್ ಕವರ್ ಮಾರುತ್ತಿದ್ದಾರೆ. ಪಿನ್ನಿನ ಡಬ್ಬಿಗಳು ಅಂಗಡಿಗಳಲ್ಲಿ ಇರುವಾಗಲೇ ಸೈಕಲ್ ಹೊರಗೆ ತೆಗೆಯಬೇಕು ಅನ್ನುವುದು ನನ್ನ ಆತುರ.

ಬೆಲ್ಲು, ಹಳೆ ಲೈಟು, ಹಿತ್ತಾಳೆಯ ಸಣ್ಣಪುಟ್ಟ ಸಾಮಾನು ಬೇಕಾದರೆ ಮಂಗಳವಾರ ಪೇಠೆಯ ಜೂನಾ ಬಜಾರ್‌ಗೆ ಹೋಗಿ. ಬುಧವಾರ, ಭಾನುವಾರ ಇರುತ್ತದೆ. ಬೆಳಿಗ್ಗೆ ಬೇಗ ಹೋದರೆ ಚೆನ್ನಾಗಿರುವುದು ಸಿಗುತ್ತದೆ. ಚೌಕಾಸಿ ಮಾಡಲೇಬೇಕು.

ಶೆಡ್ಡಿನ ಮೇಲೆ ನನ್ನ ದೊಡ್ಡ ತಕರಾರು ಬಣ್ಣದ್ದು. ಅಲ್ಲಿನ ಕೆಲವು ಹುಡುಗರಿಗೆ ಹಳೆ ಸೈಕಲ್ ಕಂಡ ಕೂಡಲೆ ಮರಳು ಕಾಗದ ಹಾಕಿ ಉಜ್ಜಿ, ಹಳದಿಯೋ ಆಕಾಶನೀಲಿಯೋ ಸ್ಪ್ರೇ ಹೊಡೆಯುವ ಆಸೆ. ಬೇಗ ಮಾರಾಟವಾಗುತ್ತದೆ ಅನ್ನುವುದು ನಿಜ. ಕೆಫೆಯವರು ಬಂದು ಗೋಡೆಗೆ ಹಾಕಲು ಒಯ್ಯುತ್ತಾರೆ. ಆದರೆ ಆ ಕಪ್ಪು ಎನಾಮೆಲ್ ಭಟ್ಟಿಯಲ್ಲಿ ಬೇಯಿಸಿದ್ದು. ತುಕ್ಕನ್ನು ಇಷ್ಟು ವರ್ಷ ತಡೆದಿದ್ದೇ ಅದು. ಆ ಬಂಗಾರದ ಗೆರೆಯನ್ನು ಯಾರೋ ಕುಂಚ ಹಿಡಿದು ಕೈಯಲ್ಲಿ ಎಳೆದಿದ್ದಾರೆ. ಒಮ್ಮೆ ಉಜ್ಜಿ ತೆಗೆದರೆ ಮತ್ತೆ ಬರುವುದಿಲ್ಲ. ನಾನು ಹೋದ ದಿನ ಒಂದು ಹಂಬರ್ ಅರ್ಧ ಹಳದಿಯಾಗಿ ನಿಂತಿತ್ತು. ಅದರ ಫೋರ್ಕಿಗೆ ಎರಡೆರಡು ಪೈಪು, ಹಂಬರ್‌ಗೆ ಹೆಸರು ತಂದ ವಿನ್ಯಾಸ. ನನಗೆ ಮಾತೇ ಹೊರಡಲಿಲ್ಲ. ಕಾಕಾನೂ ಅದರ ಕಡೆ ತಿರುಗಿ ನೋಡುತ್ತಿರಲಿಲ್ಲ. ನನ್ನ ಸೈಕಲ್ಲಿಗೆ ಬಣ್ಣ ಮುಟ್ಟಿಸಲಿಲ್ಲ. ಸೀಮೆಎಣ್ಣೆಯಲ್ಲಿ ಒರೆಸಿ, ತುಕ್ಕು ಇದ್ದಲ್ಲಿ ಮಾತ್ರ ಎಣ್ಣೆ ಹಚ್ಚಿದ ತಾಮ್ರದ ತಂತಿಯಲ್ಲಿ ಉಜ್ಜಿ, ಮೇಲೆ ಮೇಣ ಹಚ್ಚಿದೆ. ನೀವು ಕೊಂಡರೂ ದಯವಿಟ್ಟು ಇಷ್ಟೇ ಮಾಡಿ.

ಬ್ರೂಕ್ಸ್ ಸೀಟಿನ ತೊಗಲು ಹಿಂದಿನ ರಿವೆಟ್ಟುಗಳ ಹತ್ತಿರ ಹರಿದಿತ್ತು. ಸದ್ಯಕ್ಕೆ ಸ್ಪ್ರಿಂಗ್ ಇರುವ ದೇಶಿ ಸೀಟು ಹಾಕಿದ್ದೇನೆ. ತೊಗಲು ಹೊಲಿಯುವವರು ಸಿಕ್ಕರೆ ಹಳೆಯದಕ್ಕೆ ಜೀವ ಬರುತ್ತದೆ, ಫ್ರೇಮ್ ಗಟ್ಟಿಯಾಗಿದೆ.

ಬರೀ ನೋಡುವ ಆಸೆ ಇದ್ದವರು ಕರ್ವೆನಗರದಲ್ಲಿ ವಿಕ್ರಮ್ ಪೆಂಡ್ಸೆ ಅವರ ಸೈಕಲ್ ಮ್ಯೂಸಿಯಂಗೆ ಹೋಗಬೇಕು. ಪ್ಯಾರಾಟ್ರೂಪರ್‌ಗಳು ವಿಮಾನದಿಂದ ಜಿಗಿಯುವಾಗ ಒಯ್ಯುತ್ತಿದ್ದ ಬಿಎಸ್‌ಎ ಮಡಿಸುವ ಸೈಕಲ್ ಅಲ್ಲಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ. ಶೆಡ್ಡು ಕೈ ಕಪ್ಪು ಮಾಡಿಕೊಳ್ಳಲು ತಯಾರಿರುವವರಿಗೆ. ಶನಿವಾರ ಕೊಂಡು ಸೋಮವಾರ ಆಫೀಸಿಗೆ ಓಡಿಸಬೇಕು ಅನ್ನುವವರಿಗೆ ಇದು ಆಗಿಬರುವುದಿಲ್ಲ. ನನ್ನದು ರಸ್ತೆಗೆ ಇಳಿಯಲು ಒಂದು ಬೇಸಿಗೆಯೇ ಹಿಡಿಯಿತು. ಟೈರು, ಟ್ಯೂಬು, ಚೈನು, ಕೇಬಲ್ಲು, ಪಿನ್ನು, ಸೀಟು ಎಲ್ಲ ಸೇರಿ ಸೈಕಲ್ಲಿನ ಬೆಲೆಯ ಹತ್ತಿರ ಹತ್ತಿರ ಮತ್ತೆ ಅಷ್ಟೇ ಖರ್ಚಾಯಿತು. ಆದರೂ ಒಂದು ಸಾಧಾರಣ ಹೊಸ ಗೇರ್ ಸೈಕಲ್ಲಿಗಿಂತ ಕಡಿಮೆ.

ಹೋಗುವವರು ಹಳೆ ಬಟ್ಟೆ ಹಾಕಿಕೊಂಡು ಹೋಗಿ. ಒಂದು ದಾರ, ಟಾರ್ಚು, ಕೈ ಒರೆಸುವ ಬಟ್ಟೆ ಒಯ್ಯಿರಿ. ಭಾನುವಾರ ಹತ್ತು ಗಂಟೆಯ ಒಳಗೆ ಹೋದರೆ ಸ್ಟ್ಯಾಂಡು ಸಿಗುತ್ತದೆ, ಆಮೇಲೆ ಕಾಯಬೇಕು. ಜೋರು ಮಳೆಯ ದಿನ ತಗಡು ಸೋರುತ್ತದೆ, ತೆಗೆಯುವುದಿಲ್ಲ. ಆ ಹಿಂದ್ ಸೈಕಲ್ ಕಳೆದ ವಾರ ನೋಡಿದಾಗ ಮೂಲೆಯಲ್ಲೇ ಇತ್ತು. ಫ್ರೇಮಿಗೆ ದಾರ ಹಿಡಿದು ನೋಡಿದ್ದೇನೆ, ನೆಟ್ಟಗಿದೆ. ಬೆಲೆ 2,500 ಹೇಳುತ್ತಿದ್ದಾರೆ. ಹುಡುಗರು ಸ್ಪ್ರೇ ಡಬ್ಬಿ ಹಿಡಿಯುವ ಮೊದಲು ಯಾರಾದರೂ ಹೋಗಿ ತೆಗೆದುಕೊಳ್ಳಿ.